ಕೊಮೊ ಕೋಣೆಯಲ್ಲಿ ಮಗ್ಗದ ಸದ್ದು

ಇಟಲಿಯ ಕೊಮೊ ಊರಲ್ಲಿ, ಸರೋವರದ ಎದುರಿನ ಬಾಡಿಗೆ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಇಲ್ಲಿ ನೀರಿಗೂ ಸದ್ದಿಲ್ಲ; ಮಗ್ಗದ ಸದ್ದಿನಲ್ಲೇ ಬೆಳೆದ ನನಗೆ ಕೆಲಸವೇ ಓಡುವುದಿಲ್ಲ. ಅಷ್ಟರಲ್ಲಿ ದೊಡ್ಡಬಳ್ಳಾಪುರದಿಂದ ಅಮ್ಮನ ಫೋನ್; ಸ್ಪೀಕರ್‌ಗೆ ಹಾಕಿದೆ, ಅವಳ ಮಾತಿನ ಹಿಂದೆ ನಮ್ಮ ಮನೆಯ ಕರೆಂಟ್ ಮಗ್ಗಗಳ ಟಕಟಕ. ಮನೆಯೊಡತಿ ಬಾಗಿಲಿಗೆ ಬಂದು ನಿಂತರು. ಮೆಲುಮಾತಿನ ಮುದುಕಿ, ಹಿಂದೆ ಇಲ್ಲಿಯ ರೇಷ್ಮೆ ಮಿಲ್ಲಿನಲ್ಲಿ ನೇಯುತ್ತಿದ್ದವರು. ಗಲಾಟೆಯಾಯಿತೇನೋ ಅಂದುಕೊಂಡೆ.

"ಅಮ್ಮಾ, ಮಗ್ಗ ಆಫ್ ಮಾಡು."

ಸದ್ದು ನಿಂತಿತು. ಮುದುಕಿಯ ಮುಖ ಬಾಡಿತು. ಫೋನಿನತ್ತ ನೋಡುತ್ತಾ, ಲಾಳಿ ಓಡುವ ಹಾಗೆ ಗಾಳಿಯಲ್ಲಿ ಕೈಯಾಡಿಸಿದರು.

"ಅಮ್ಮಾ, ಮತ್ತೆ ಆನ್ ಮಾಡು."

"ಮಾಡಿದ್ರೆ ನಿನ್ ಮಾತೇ ಕೇಳ್ಸಲ್ಲ ಕಣೋ!"

"ಪರವಾಗಿಲ್ಲ, ಮಾಡಮ್ಮ."

ಟಕಟಕ ಶುರುವಾಯಿತು. ಮುದುಕಿ ನನ್ನ ಕಿವಿಯ ಹತ್ತಿರ ಬಾಗಿ, ನಮ್ಮ ಮಗ್ಗದ ಬೀದಿಯ ಹೆಂಗಸರ ಹಾಗೆಯೇ, ಗಂಟಲು ಹರಿಯುವಂತೆ ಕೂಗಿ ಏನೋ ಹೇಳಿದರು.