ಗೌರಮ್ಮನ ಐದು ಮುಂಗುಸಿ, ನನ್ನ ಹದಿನಾಲ್ಕು ಸೊನ್ನೆ

ಫೆಬ್ರವರಿ 11, ಬೆಳಿಗ್ಗೆ 9.20. ಸುದ್ದಗುಂಟೆಪಾಳ್ಯದ ರಸ್ತೆಯಲ್ಲಿ ನಿಲ್ಲಿಸಿದ್ದ ಎರಡು ಸ್ಕೂಟರ್‌ಗಳ ಸಂದಿಯಿಂದ ಮುಂಗುಸಿಯೊಂದು ಹೊರಬಂದು ನನ್ನ ಚಪ್ಪಲಿ ಮೂಸಿ ಹೋಯಿತು. ನಾನು ಕಿರುಚಿದೆ. ಸುತ್ತಲಿದ್ದವರು ತಿರುಗಿ ನೋಡಿದ್ದು ನನ್ನನ್ನು. ಗದಗಿನ ಕಡೆಯ ನಮ್ಮ ಹಳ್ಳಿಯಲ್ಲಿ ಅದಕ್ಕೆ ಮುಂಗಲಿ ಎನ್ನುತ್ತೇವೆ. ಎದುರಾದರೆ ಶುಭವೆಂದು ನಿಲ್ಲುತ್ತೇವೆ. ಇಲ್ಲಿ ಅದೂ ಒಬ್ಬ ದಾರಿಹೋಕ.

ನಾನು ಬೆಂಗಳೂರಿಗೆ ಬಂದದ್ದು ಇಂಥವನ್ನು ಎಣಿಸಲಿಕ್ಕೇ. ರಾಜಕಾಲುವೆಗಳ ದಂಡೆಯಲ್ಲಿ ಯಾವ ಪ್ರಾಣಿ ಎಷ್ಟು ಉಳಿದಿದೆ ಎಂದು ದಾಖಲಿಸುವ ಸಣ್ಣ ತಂಡದಲ್ಲಿ ಕೆಲಸ. ರಾಜಕಾಲುವೆ ಎಂದರೆ ಹಿಂದೆ ಕೆರೆಯಿಂದ ಕೆರೆಗೆ ಮಳೆನೀರು ಒಯ್ಯುತ್ತಿದ್ದ ಕಾಲುವೆ. ಈಗ ಏನು ಒಯ್ಯುತ್ತದೆ ಎಂದು ಬರೆಯುವುದು ಬೇಡ. ನಮ್ಮ ನಮೂನೆಯಲ್ಲಿ ಎರಡು ಖಾನೆ: ‘ನಾವು ಕಂಡದ್ದು’ ಮತ್ತು ‘ಸ್ಥಳೀಯರು ಹೇಳಿದ್ದು’. ಮೊದಲನೆಯದನ್ನು ದಿನಾಂಕ, ಗಂಟೆ, ಬಿಸಿಲು, ಮೋಡ ಸಮೇತ ತುಂಬುತ್ತಿದ್ದೆ. ಎರಡನೆಯದನ್ನು ಖಾಲಿ ಬಿಡುತ್ತಿದ್ದೆ. ಕಾರಣ ಗೌರಮ್ಮ.

ಗೌರಮ್ಮ ನನ್ನ ಮನೆ ಓನರ್. ಅರವತ್ತು ದಾಟಿದವರು. ನಾನಿರುವ ಮೂರನೇ ಮಹಡಿಯ ಕೋಣೆ ಅವರ ಮಾವನ ರಾಗಿ ಹೊಲದ ಮೇಲೆ ನಿಂತಿದೆ. “ನೀನು ಮಲಗೋ ಜಾಗದಲ್ಲಿ ಕಣ ಇತ್ತು ಕಣಮ್ಮ” ಎಂದು ಮೊದಲ ದಿನವೇ ಹೇಳಿದರು. ಹೊಲವೂ ಇಲ್ಲ, ಕಣವೂ ಇಲ್ಲ. ಆದರೂ “ಬದು ಹತ್ರ ಹೋಗ್ಬರ್ತೀನಿ” ಎಂದು ಹೊರಟು ಬೇಕರಿಯಿಂದ ಬನ್ನು ತರುತ್ತಾರೆ. ನಾನು ಬಿಟ್ಟು ಬಂದ ಹೊಲ ಇದ್ದಲ್ಲೇ ಇದೆ, ಆದರೆ ಆ ಬೇಕರಿಯ ದಾರಿ ಕಲಿಯಲು ನನಗೆ ಹನ್ನೊಂದು ದಿನ ಹಿಡಿಯಿತು. ಅವರು ಕೊಟ್ಟ ಮುದ್ದೆಯನ್ನು ರೊಟ್ಟಿಯಂತೆ ಅಗಿದು ತಿಂದೆ. ಮನೆಯವರೆಲ್ಲ ನಕ್ಕರು.

ಮಾರ್ಚ್‌ನಲ್ಲಿ ನಮ್ಮ ತಂಡದ ಮೇಡಂ ನಾನು ಬರೆದ ಕಾಲುವೆ ನಕ್ಷೆ ನೋಡಲು ಬಂದರು. ನಕ್ಷೆಗೆ ಆರು ನಿಮಿಷ ಕೊಟ್ಟರು. ಮೆಟ್ಟಿಲ ಮೇಲೆ ಗೌರಮ್ಮನೊಡನೆ ನಲವತ್ತು ನಿಮಿಷ ಕೂತರು. ಹೋಗುವಾಗ, “ಎಂಥಾ ಕಣ್ಣು ಇವರದ್ದು! ಎಲ್ಲಾ ಕೇಳಿ ಬರ್ಕೊಳ್ಳಿ” ಎಂದರು. ಹೂಂ ಎಂದೆ. ಬರೆದುಕೊಳ್ಳಲಿಲ್ಲ. ನಮ್ಮ ಹೊಲಕ್ಕೆ ಚಿಗರಿ, ಅಂದರೆ ಕೃಷ್ಣಮೃಗ, ಬಂದಾಗ ಯಾವ ಹಿಂಡು ಯಾವ ದಿಕ್ಕಿನದು ಎಂದು ನಾನೂ ಹೇಳಬಲ್ಲವಳಾಗಿದ್ದೆ. ನನ್ನನ್ನು ಯಾರೂ ಮೆಟ್ಟಿಲ ಮೇಲೆ ಕೂರಿಸಿ ಕೇಳಿರಲಿಲ್ಲ. ಹೊಟ್ಟೆ ಉರಿಯಿತು.

ಮನೆ ಹಿಂದಿನ ಕಾಲುವೆಗೆ ಶನಿವಾರ, ಸೋಮವಾರ ಗೊತ್ತು ಮಾಡಿಕೊಂಡೆ. ಭಾನುವಾರ ಗದ್ದಲವೆಂದು ಬಿಟ್ಟೆ. ನಮ್ಮ ಕಡೆ ಮನುಷ್ಯರು ಕಡಿಮೆಯಾದರೆ ಪ್ರಾಣಿಗಳು ಹೊರಬರುತ್ತವೆ. ಏಪ್ರಿಲ್ 5ರಿಂದ ಮೇ 19ರವರೆಗೆ ಹದಿನಾಲ್ಕು ಬಾರಿ ನಡೆದೆ. ಹದಿನಾಲ್ಕೂ ಸೊನ್ನೆ. ಅದೇ ವಾರ ಮೇಡಂ ಫೋನ್ ಮಾಡಿದರು: ಪ್ರಾಣಿಯಿಲ್ಲದ ದಂಡೆಗಳನ್ನು ಉಳಿಸಬೇಕಾದವುಗಳ ಪಟ್ಟಿಯಿಂದ ಬಿಡುತ್ತೇವೆ, ಅಲ್ಲಿ ಮಣ್ಣು ತೆಗೆದು ಕಾಂಕ್ರೀಟ್ ಗೋಡೆ ಬರುತ್ತದೆ, ಭಾನುವಾರ ಸಂಜೆಯೊಳಗೆ ನಮೂನೆ ಕಳಿಸಿ.

ಶನಿವಾರ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೆ. ಪಕ್ಕದಲ್ಲಿ ಗೌರಮ್ಮ ಸೊಪ್ಪು ಬಿಡಿಸುತ್ತಿದ್ದರು.

“ಏನಮ್ಮ ಅದು?”

“ನಮ್ಮ ಕಾಲುವ್ಯಾಗ ಮುಂಗಲಿ ಇಲ್ಲಂತ ಬರಿಯಾಕತ್ತೀನ್ರೀ ಆಂಟಿ.”

“ಯಾವೋನಂದಿದ್ದು?”

“ನಾನ ರೀ. ಹದಿನಾಲ್ಕು ಸಲ ನೋಡೇನಿ. ಶನಿವಾರ, ಸೋಮವಾರ.”

ಸೊಪ್ಪು ಕೆಳಗಿಟ್ಟು ನಕ್ಕರು. “ಅಯ್ಯೋ ನಿನ್ನ! ಸೋಮವಾರ ಯಾರಮ್ಮ ಬಾಡು ತಿಂತಾರೆ? ಶನಿವಾರ ಆಂಜನೇಯಂದು. ಕೋಳಿ ಅಂಗಡಿಯೋನು ಬಾಗಿಲೇ ತೆಗಿಯಲ್ಲ. ಅವನು ತೊಳೆದು ಕಾಲುವೆಗೆ ಸುರಿದ್ರೆ ತಾನೆ ಅವು ಬರೋದು? ನೀನೇನೋ ಪುಳ್ಚಾರು, ಮುಂಗುಸೀನೂ ಪುಳ್ಚಾರಾ?”

ಬಾಡು ಎಂದರೆ ಮಾಂಸ, ಪುಳ್ಚಾರು ಎಂದರೆ ಅದನ್ನು ತಿನ್ನದವರು. ನಮ್ಮ ಮನೆಯಲ್ಲಿ ಯಾರೂ ತಿನ್ನುವುದಿಲ್ಲ. ಮಾಂಸಕ್ಕೂ ವಾರವಿದೆ, ಆ ವಾರಕ್ಕೆ ತಕ್ಕಂತೆ ಮುಂಗುಸಿಯೂ ನಡೆಯುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ಮೇ 25, ಭಾನುವಾರ, 10.30. ಸೇತುವೆಯ ಕಟ್ಟೆಗೆ ಒರಗಿ ಇಬ್ಬರೂ ನಿಂತೆವು. ಅಂಗಡಿಯವನು ಬಕೆಟ್ಟು ಸುರಿದ. ಮಣ್ಣಿನ ದಂಡೆಯ ಬಿಲಗಳಿಂದ ಅವು ಬಂದವು. ನಾನು ಏಳು ಗೀಟು ಹಾಕಿದೆ.

“ಏಳೆಲ್ಲಿ? ಮೊಂಡ್ಬಾಲನ್ನ ಮೂರು ಸಲ ಎಣಿಸಿದ್ದೀಯ” ಎಂದರು ಗೌರಮ್ಮ. “ಅವನು, ಅವನ ಹೆಂಡ್ತಿ, ಹೋದ್ವರ್ಷದ ಮರಿ ಎರಡು. ಇನ್ನೊಂದು ಮೋರಿಯಾಚೇದು, ಭಾನುವಾರದ ಊಟಕ್ಕೆ ಮಾತ್ರ ಬರತ್ತೆ, ನೆಂಟರ ಥರ. ಐದು.”

ಕೋಣೆಗೆ ಬಂದು ಮೊದಲ ಖಾನೆಯಲ್ಲಿ ಪೆನ್ಸಿಲ್‌ನಿಂದ ಐದು ಎಂದು ಬರೆದೆ. ಸುಳ್ಳೇನಲ್ಲ, ಕಣ್ಣಾರೆ ಕಂಡಿದ್ದೆ. ದಂಡೆಯೂ ಉಳಿಯುತ್ತದೆ, ಮೇಡಂ ನನ್ನನ್ನು ಮೆಚ್ಚುತ್ತಾರೆ. ಹನ್ನೆರಡು ನಿಮಿಷ ಅದನ್ನೇ ನೋಡುತ್ತ ಕೂತೆ. ಏಳನ್ನು ಐದು ಮಾಡಿದ್ದು ನನ್ನ ಕಣ್ಣಲ್ಲ. ಅಳಿಸಿ, ಏಳು ಗೀಟು ಎಂದು ಬರೆದೆ. ಸೊನ್ನೆಗಳನ್ನೂ, ಅವುಗಳ ಕಾರಣವನ್ನೂ ಬರೆದೆ. ಎರಡನೇ ಖಾನೆ ತುಂಬಿಸಿ ಕೆಳಗೆ ಹೋಗಿ ಓದಿ ಹೇಳಿದೆ: ಗೌರಮ್ಮ, ಐದು. ಊರು: ಸುದ್ದಗುಂಟೆಪಾಳ್ಯ.

“ನಿನ್ನ ಹೆಸರು?” ಎಂದರು.

ನನ್ನ ಹೆಸರಿನ ಪಕ್ಕದಲ್ಲೂ ಊರು ಬರೆಯಬೇಕಿತ್ತು. ನಮ್ಮ ಹಳ್ಳಿಯ ಹೆಸರು ಬರೆದೆ.

“ಹಂಗಾದ್ರೆ ನಮ್ಮ ಮೂರನೇ ಮಹಡೀಲಿ ಇರೋದ್ಯಾರು?”

ಅದರ ಪಕ್ಕದಲ್ಲೇ ಪಾಳ್ಯವನ್ನೂ ಬರೆದೆ. ಖಾನೆಯಲ್ಲಿ ಎರಡು ಊರು ಹಿಡಿಯಲಿಲ್ಲ. ಕೊನೆಯ ಅಕ್ಷರಗಳು ಗೆರೆ ದಾಟಿ ಅಂಚಿಗೆ ಹೋದವು. ಮೇಲೆ ಅವರ ಊರು ಖಾನೆಯೊಳಗೆ ನೆಟ್ಟಗೆ ಕೂತಿತ್ತು. ಹೊಟ್ಟೆ ಮತ್ತೆ ಉರಿಯಿತು. ಹಾಗೆಯೇ ಕಳಿಸಿದೆ.