ತಂಗಿಗೆ ಕೊಟ್ಟ ಮಿಕ್ಸ್ ಕ್ರೀಮು

ತುಮಕೂರಿನ ಹೋಟೆಲ್ಲೊಂದರ ಸ್ಪಾದಲ್ಲಿ ನಾನು ಒಂಬತ್ತು ವರ್ಷದಿಂದ ಫೇಶಿಯಲ್ ಮಾಡುತ್ತಿದ್ದೇನೆ. ಕಳೆದ ವರ್ಷ ಅಲ್ಲಿಗೆ ಹೊಸ ಮ್ಯಾನೇಜರ್ ಬಂದರು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅನ್ನುವ ಹಾಗೆ, ಬಂದ ವಾರದಲ್ಲೇ ನನ್ನ ಸ್ಟೀಮರ್, ಪರಂಗಿ ಹಣ್ಣಿನ ಪ್ಯಾಕು, ಸ್ಟೀಲ್ ಬಟ್ಟಲು ಎಲ್ಲವನ್ನೂ ಸ್ಟೋರ್ ರೂಮಿಗೆ ಸಾಗಿಸಿದರು. ಆ ಜಾಗಕ್ಕೆ ಒಂದು ಮಿಷನ್ ಬಂತು. ಅದರ ಮುಂದೆ ಗದ್ದ ಊರಿ ಕೂತರೆ ಫೋಟೊ ತೆಗೆದು, ಚರ್ಮದ ಕೆಳಗೆ ಏನಿದೆ ಅಂತ ಪರದೆಯ ಮೇಲೆ ತೋರಿಸುತ್ತದಂತೆ. ನನಗೆ ನಗು ಬಂತು. ಬೆರಳು ಆಡಿಸಿದರೆ ಸಾಕು, ಯಾರ ಚರ್ಮ ಎಂಥದ್ದು ಅಂತ ಹೇಳುವವಳು ನಾನು. ಅಂಗೈ ಹುಣ್ಣಿಗೆ ಕನ್ನಡಿ ಬೇರೆ ಕೇಡು ಅಂತ ಜೊತೆಯವರ ಹತ್ತಿರ ಆಡಿಕೊಂಡೆ.

ಮಿಷನ್ ನಡೆಸುವುದನ್ನು ಕಲಿಸಲು ಬೆಂಗಳೂರಿನಿಂದ ಟ್ರೈನರ್ ಒಬ್ಬಳು ಬಂದಳು. ಮೊದಲ ದಿನದ ಡೆಮೊಗೆ ನಮ್ಮ ಮನೆಯವರನ್ನೇ ಕರೆದುಕೊಂಡು ಬನ್ನಿ ಅಂದಳು. ಯಾರನ್ನು ಕರೆಯಲಿ ಅಂತ ನಾನು ಯೋಚಿಸಲೇ ಇಲ್ಲ. ಕುಣಿಗಲ್‌ನಲ್ಲಿ ಸ್ಕೂಲ್ ಟೀಚರ್ ಆಗಿರುವ ನನ್ನ ತಂಗಿಗೆ ಫೋನ್ ಮಾಡಿದೆ. ನಮ್ಮ ಮನೆಯಲ್ಲಿ ಎಲ್ಲರೂ ರಾಗಿಮುದ್ದೆ ಬಣ್ಣ. ಅವಳೊಬ್ಬಳು ಮಾತ್ರ ಈ ಆರು ವರ್ಷದಲ್ಲಿ ಹಾಲಿನ ಹಾಗೆ ಬೆಳ್ಳಗಾಗಿದ್ದಳು. ಅದು ನನ್ನ ಕೈಕೆಲಸ, ನನ್ನ ಹೆಮ್ಮೆ.

ಆ ಕೈಕೆಲಸಕ್ಕೆ ನಾವು ಮಿಕ್ಸ್ ಅನ್ನುತ್ತಿದ್ದೆವು. ಗುಬ್ಬಿಯಲ್ಲಿ ನಾನು ಕೆಲಸ ಕಲಿತ ಪಾರ್ಲರಿನ ಮೇಡಂ, ಮೆಡಿಕಲ್ ಶಾಪಿನಿಂದ ನವೆಗೆ ಹಚ್ಚುವ ಟ್ಯೂಬು ತರಿಸಿ, ಕೋಲ್ಡ್ ಕ್ರೀಮಿಗೆ ಕಲಸಿ, ಪುಟ್ಟ ಡಬ್ಬಿಗೆ ತುಂಬಿ ಬೇಕಾದವರಿಗೆ ಮಾತ್ರ ಕೊಡುತ್ತಿದ್ದರು. ಹತ್ತೇ ದಿನದಲ್ಲಿ ಮುಖ ಪಳಪಳ ಅನ್ನುತ್ತಿತ್ತು. ನಾನೂ ಅದನ್ನೇ ಕಲಸಿ, ಗುಬ್ಬಿಯ ಅಮ್ಮನ ಮನೆಯಲ್ಲಿ ಸಿಕ್ಕಾಗಲೆಲ್ಲ ತಂಗಿಯ ಬ್ಯಾಗಿಗೆ ಹಾಕುತ್ತಿದ್ದೆ. "ಬಿಸಿಲಿಗೆ ಹೋದ್ರೆ ಮುಖ ಉರಿಯುತ್ತೆ ಕಣಕ್ಕ" ಅಂತ ಅವಳು ಹೇಳಿದ್ದುಂಟು. "ಹೀಟ್ ಬಾಡಿ ಕಣೇ ನಿಂದು, ಎಳನೀರು ಕುಡಿ" ಅಂದಿದ್ದೆ. ಒಮ್ಮೆ ಡಬ್ಬಿ ಖಾಲಿಯಾಗಿ ನಾಲ್ಕು ದಿನ ಹಚ್ಚದೆ ಇದ್ದಾಗ ಅವಳ ಮುಖ ಕೆಂಪಗೆ ಊದಿಕೊಂಡಿತು. ನಾನು ರಜಾ ಹಾಕಿ ಹೊಸ ಡಬ್ಬಿ ತೆಗೆದುಕೊಂಡು ಕುಣಿಗಲ್‌ಗೆ ಓಡಿದ್ದೆ.

ಡೆಮೊ ದಿನ ತಂಗಿ ರೇಷ್ಮೆ ಸೀರೆ ಉಟ್ಟು ಬಂದು ಮಿಷನ್ ಮುಂದೆ ಕೂತಳು. ಮೊದಲ ಫೋಟೊ ನೋಡಿ ಮ್ಯಾನೇಜರೇ ವಾಹ್ ಅಂದರು. ಟ್ರೈನರ್ ಇನ್ನೊಂದು ಬಟನ್ ಒತ್ತಿದಳು. ಒಣಗಿದ ಅರಳಿ ಎಲೆಯಲ್ಲಿ ನರ ಕಾಣುವ ಹಾಗೆ ತಂಗಿಯ ಎರಡೂ ಕೆನ್ನೆಯ ತುಂಬ ಕೆಂಪು ಗೆರೆಗಳು. ಮೂಗಿನ ಪಕ್ಕದಲ್ಲಂತೂ ಗೆರೆಗಳೇ ಇಲ್ಲ, ಬರೀ ಕೆಂಪು.

"ಇವ್ರು ಯಾವ್ದಾದ್ರೂ ಸ್ಟಿರಾಯ್ಡ್ ಕ್ರೀಮ್ ಹಚ್ತಾರಾ?" ಟ್ರೈನರ್ ಕೇಳಿದಳು.

"ಅಯ್ಯೋ ಇಲ್ಲಪ್ಪ, ನಮ್ಮಕ್ಕ ಮಾಡ್ಕೊಡೋದೊಂದೇ," ಅಂತ ತಂಗಿ ಬ್ಯಾಗಿನಿಂದ ಡಬ್ಬಿ ತೆಗೆದು ಎಲ್ಲರಿಗೂ ತೋರಿಸಿದಳು. ಅವಳ ಮುಖದಲ್ಲಿ ನನ್ನ ಬಗ್ಗೆ ಅಷ್ಟು ಹೆಮ್ಮೆ ಇತ್ತು.

ಅದಕ್ಕೆ ಏನು ಹಾಕುತ್ತೀರಿ ಅಂತ ಟ್ರೈನರ್ ನನ್ನ ಕಡೆ ತಿರುಗಿದಳು. ಟ್ಯೂಬಿನ ಹೆಸರು ಹೇಳಿದೆ. ಅದು ಸ್ಟಿರಾಯ್ಡೇ, ಅದರಿಂದ ಚರ್ಮ ತೆಳ್ಳಗಾಗುತ್ತದೆ, ಬಿಸಿಲಿಗೆ ಉರಿಯುವುದೂ, ಹಚ್ಚುವುದು ಬಿಟ್ಟರೆ ಊದುವುದೂ ಅದಕ್ಕೇ, ನಾಳೆಯೇ ಚರ್ಮದ ಡಾಕ್ಟರಿಗೆ ತೋರಿಸಿ ಅಂದಳು. "ಪೂರ್ತಿ ಮೊದ್ಲಿನ ಥರ ಆಗುತ್ತೆ ಅಂತ ಹೇಳಕ್ಕಾಗಲ್ಲ," ಅಂತಲೂ ಅಂದಳು.

ನನಗೆ ಕೋಪ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಮಿಷನ್ ಕೆಟ್ಟಿದೆ ಅಂದೆ, ಬೆಂಗಳೂರಿಗೆ ವಾಪಸ್ ತಗೊಂಡು ಹೋಗಿ ಅಂದೆ. ಟ್ರೈನರ್ ಮಾತಿಗೆ ಮಾತು ಬೆಳೆಸದೆ ನನ್ನನ್ನೇ ಅದೇ ಕುರ್ಚಿಯಲ್ಲಿ ಕೂರಿಸಿದಳು. ಪರದೆಯ ಮೇಲೆ ನನ್ನ ಮುಖ ಬಂತು. ಭಂಗು, ಬಿಸಿಲಿನ ಕಪ್ಪು, ಮೊಡವೆಯ ಹಳೇ ಕಲೆ, ಏನುಂಟು ಏನಿಲ್ಲ. ಆದರೆ ಆ ಕೆಂಪು ಒಂದು ಗೆರೆಯಷ್ಟೂ ಇರಲಿಲ್ಲ.

ಎರಡು ಫೋಟೊಗಳನ್ನೂ ಅಕ್ಕಪಕ್ಕ ಇಟ್ಟಿದ್ದರು. ತಂಗಿ ಒಂದೊಂದನ್ನೇ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಅಕ್ಕ, ನೀನ್ಯಾಕೆ ಇದನ್ನ ಹಚ್ಕೊಂಡಿಲ್ಲ?"

ಪುರುಸೊತ್ತಿಲ್ಲ ಕಣೇ ಅನ್ನಬಹುದಿತ್ತು. ಆ ಮಾತು ನಾಲಿಗೆ ತುದಿಗೂ ಬಂದಿತ್ತು. ಆದರೆ ಮೊದಲ ಸಲ ಟ್ಯೂಬು ತೆಗೆದುಕೊಂಡಾಗಲೇ ಮೆಡಿಕಲ್ ಶಾಪಿನವನು, ಇದನ್ನ ಮುಖಕ್ಕೆಲ್ಲ ಹಚ್ಚಬೇಡಿ ಅಂದಿದ್ದ. ಮಾರುವವನು ಏನೋ ಹೇಳುತ್ತಾನೆ ಅಂದುಕೊಂಡಿದ್ದೆ. ಅಂದುಕೊಂಡೂ, ನನ್ನ ಮುಖಕ್ಕೆ ಮಾತ್ರ ಒಂದು ದಿನವೂ ಮುಟ್ಟಿಸಿರಲಿಲ್ಲ. ಇದು ನನಗೇ ಹೊಳೆದದ್ದು ಆ ಕುರ್ಚಿಯಲ್ಲಿ ಕೂತಾಗ. ಮ್ಯಾನೇಜರ್ ಎದುರಿಗೇ, ಇದ್ದದ್ದನ್ನು ಇದ್ದ ಹಾಗೆ ಅವಳಿಗೆ ಹೇಳಿದೆ.

ಅವಳು ಅಳಲಿಲ್ಲ. ಡಬ್ಬಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ ನನ್ನ ಮಡಿಲಿಗಿಟ್ಟಳು.

"ಗೊತ್ತಿದ್ದೂ ನಂಗೆ ಕೊಟ್ಯಲ್ಲಕ್ಕ," ಅಂದಳು.