ಕಾಕು ತಂದ ನೀಲಿ ಮೀನು

ಹೋದ ವಾರ ಹಲ್ಲುನೋವಿಗೆಂದು ದವಾಖಾನೆಗೆ ಹೋಗಿದ್ದೆ. ಅಲ್ಲಿ ಕೆಲಸದಾಕೆ ಮೀನಿನ ತೊಟ್ಟಿಯ ನೀರು ಬದಲಿಸುತ್ತಿದ್ದಳು. ಉಪ್ಪು, ಪಾಚಿ ಬೆರೆತ ಆ ಹಸಿ ವಾಸನೆ ಬಡಿದದ್ದೇ ತಡ, ಎದ್ದು ಹೊರಗೆ ಬಂದುಬಿಟ್ಟೆ. ಸಮುದ್ರವಿಲ್ಲದ ಕಲಬುರಗಿಯಲ್ಲಿ ಆ ವಾಸನೆ ನನಗೆ ಗೊತ್ತಿದ್ದದ್ದು ಒಂದೇ ಮನೆಯಿಂದ.

ಐವಾನ್-ಎ-ಶಾಹಿ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಾಕೆಯನ್ನು ನಾನು ಕಾಕು ಎನ್ನುತ್ತಿದ್ದೆ, ಅವರ ಗಂಡನನ್ನು ಕಾಕಾ. ಕಾಕಾ ಬಹಳ ವರ್ಷ ಅಂಡಮಾನಿನ ಬಂದರಿನಲ್ಲಿ ನೌಕರಿ ಮಾಡಿ ಬಂದವರು. ಊರಿಗೆ ಮರಳಿದ ಮೇಲೆ ಲಕ್ವಾ ಹೊಡೆದು ಬಲಗೈ, ಮಾತು ಎರಡೂ ಹೋದವು.

ಅವರ ಹಾಸಿಗೆಯ ಎದುರಿಗೆ ಗಾಜಿನ ತೊಟ್ಟಿ. ಅದರಲ್ಲಿ ಹೈದರಾಬಾದಿನಿಂದ ತರಿಸಿದ ಒಂದೇ ಒಂದು ಮೀನು. ಅಂಗೈಯಗಲದ ಚಪ್ಪಟೆ ಮೈ, ಶಾಯಿಯಂಥ ದಟ್ಟ ನೀಲಿ, ಬೆನ್ನುದ್ದಕ್ಕೂ ಕಪ್ಪು ಪಟ್ಟೆ, ಬಾಲ ಮಾತ್ರ ಅರಿಶಿನ ಬಣ್ಣ. ಬಾಲದ ಬುಡದಲ್ಲಿ ಚಾಕುವಿನಂಥ ಮುಳ್ಳು ಅಡಗಿರುತ್ತದೆ, ಹವಳದ ಬಂಡೆಗಳ ಮೇಲೆ ಇವು ಹಿಂಡುಗಟ್ಟಿ ಪಾಚಿ ಮೇಯುತ್ತವೆ, ಹೆದರಿದರೆ ಸಂದಿಯೊಳಗೆ ತೂರಿಕೊಳ್ಳುತ್ತವೆ ಎಂದು ಕಾಕಾ ಮಾತಿದ್ದಾಗ ಹೇಳಿದ್ದರು. ಇನ್ನೊಂದು ಸ್ವಭಾವವೂ ಅದಕ್ಕಿತ್ತು. ಗಾಬರಿಯಾದರೆ ಸತ್ತಂತೆ ಒಂದು ಮಗ್ಗುಲಾಗಿ ಮಲಗಿಬಿಡುತ್ತಿತ್ತು. ಕಾಕಾ ಅದನ್ನು ನೋಡುತ್ತಲೇ ಉಣ್ಣುವರು. ಅದು ಕಾಣದಿದ್ದರೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆ ಬೇಸಿಗೆ ಬಿರುಗಾಳಿಗೆ ಕಂಬಗಳು ಉರುಳಿ ನಮ್ಮ ಓಣಿಗೆ ಕರೆಂಟು ಹೋಯಿತು. ತೊಟ್ಟಿಗೆ ಗಾಳಿ ಊದುವ ಮೋಟಾರು ನಿಂತಿತು, ನೀರು ಕಾಯತೊಡಗಿತು. ಕಾಕು ತಂಬಿಗೆಯಿಂದ ತೊಟ್ಟಿಯ ನೀರನ್ನೇ ಎತ್ತಿ ಎತ್ತಿ ಹೊಯ್ಯುತ್ತ ಕೂತರು. ಅವರ ಕೈ ಸೋತಾಗ ನಾನು ಕೂತೆ. ಮರುದಿನವೂ ಕರೆಂಟು ಬರಲಿಲ್ಲ. ಕಮಲಾಪುರದಲ್ಲಿ ಕಾಕುನ ತಮ್ಮನ ಮನೆಯಲ್ಲಿ ಕರೆಂಟು ಇತ್ತು. ಅವನ ಟೆಂಪೊದಲ್ಲಿ ಕಾಕಾರನ್ನು ಮಲಗಿಸಿ, ಅರ್ಧ ನೀರಿನ ತೊಟ್ಟಿಯನ್ನು ಪಕ್ಕಕ್ಕಿಟ್ಟು ಹೊರಟೆವು. ಕಾಲೇಜಿಗೆ ರಜೆಯಿದ್ದುದರಿಂದ ನಾನೂ ಹೋದೆ. ದಾರಿಯಲ್ಲಿ ಮೀನು ಮಗ್ಗುಲಾಯಿತು. ಕಾಕಾರ ಗಂಟಲಿನಿಂದ ಎಂಥದೋ ಸದ್ದು ಬಂತು…

"ಸತ್ತಿಲ್ರೀ, ಹೆದರ್ಯಾದ. ಜರಾ ತಡೀರಿ, ಏಳ್ತದ," ಅಂದರು ಕಾಕು.

ಕಮಲಾಪುರ ಮುಟ್ಟಿದ ಮೇಲೆ ಅದು ಎದ್ದಿತು. ಆದರೆ ಬಣ್ಣ ದಿನೇ ದಿನೇ ಕಳೆಗುಂದಿತು. ಒಂದು ಬೆಳಿಗ್ಗೆ ಮತ್ತೆ ಮಗ್ಗುಲಾಗಿತ್ತು. ಈ ಸಲ ಕಿವಿರು ಆಡುತ್ತಿರಲಿಲ್ಲ. ಕಾಕು ಗಂಡನಿಗೆ ಅದೇ ಮಾತು ಹೇಳಿದರು. ಸಂಜೆಯವರೆಗೂ ಹೇಳಿದರು. ಕಾಕಾ ಗೋಡೆಯ ಕಡೆ ಮುಖ ತಿರುಗಿಸಿದರು. ಆಮೇಲೆ ಗಂಜಿ ಬೇಡ, ನೀರೂ ಬೇಡ. ಡಾಕ್ಟರು ಸಲೈನು ಹಚ್ಚಿದರೆ ಎಡಗೈಯಿಂದ… ಹಲ್ಲಿನಿಂದ… ಹೇಗೋ ಸೂಜಿ ಕಿತ್ತುಬಿಟ್ಟರು.

"ತಂಗಿ, ನಾ ಹೈದರಾಬಾದಿಗಿ ಹೋಗಿ ಅಂಥಾದೇ ತರ್ತೀನಿ. ನಾ ಬರೋತನಕ ಇವ್ರ ಹಂತ್ಯಾಕ ಕುಂದ್ರು."

"ಬ್ಯಾಡ್ರೀ ಕಾಕು, ಇಂಥಾದ್ರಾಗ…"

"ನೋಡ್ಕೋತ ಕುಂತ್ರ ಉಳೀತಾರೇನು?"

ಮರುದಿನ ಮಧ್ಯಾಹ್ನ ನನ್ನ ಕಣ್ಣೆದುರಿಗೇ ಕಾಕಾ ಹೋದರು. ಕಾಕುನ ಫೋನು ಹತ್ತಲೇ ಇಲ್ಲ. ಅವರು ಬಂದಾಗ ಅಂಗಳದ ತುಂಬ ಮಂದಿ. ಎದೆಗೆ ಅವಚಿಕೊಂಡ ಪ್ಲಾಸ್ಟಿಕ್ ಚೀಲದಲ್ಲಿ ನೀಲಿ ಮೀನು ಗಿರಗಿರನೆ ತಿರುಗುತ್ತಿತ್ತು. ಕಾಕು ಅಳಲಿಲ್ಲ. ಒಳಗೆ ಹೋಗಿ ಚೀಲವನ್ನು ಗಂಡನ ಮುಖದ ಹತ್ತಿರ ಹಿಡಿದರು. "ತಂದೀನ್ರೀ… ನೋಡ್ರಿ," ಅಂದರು. ಬಹಳ ಹೊತ್ತು ಹಾಗೇ ಹಿಡಿದಿದ್ದರು. ಅವರ ಕೈ ಇಳಿಸುವ ಧೈರ್ಯ ಯಾರಿಗೂ ಆಗಲಿಲ್ಲ.

ಕಾಕು ಮತ್ತೆ ಐವಾನ್-ಎ-ಶಾಹಿಗೆ ಬರಲಿಲ್ಲ. ಕೆಲವು ವರ್ಷಗಳ ಮೇಲೆ ನಾನೇ ಕಮಲಾಪುರಕ್ಕೆ ಹೋದೆ. ಚಹಾ ಕೊಟ್ಟು, ಎದುರಿಗೆ ಕೂತು, ಅಂದಿನವರೆಗೆ ಕೇಳದಿದ್ದುದನ್ನು ಕೇಳಿದರು.

"ಹೋಗುವಾಗ ಅವ್ರು ಗ್ವಾಡಿ ಕಡೀಗೇ ಇದ್ರೇನು?"

"ಇಲ್ರೀ ಕಾಕು. ಬಾಗ್ಲ ಕಡಿ ತಿರುಗಿದ್ರು. ನಿಮ್ಮ ಹಾದೀನೇ ನೋಡಲತ್ತಿದ್ರು."

ಇದ್ದದ್ದನ್ನೇ ಹೇಳಿದ್ದೆ, ಅವರಿಗೆ ಸಮಾಧಾನವಾಗಲೆಂದು.

"ಹಂಗಾರ ನಾ ಹೋಗಬಾರದಿತ್ತು," ಅಂದರು ಕಾಕು.

ಹೋದ ವರ್ಷ ಅವರೂ ತೀರಿಕೊಂಡರು. ಆ ದವಾಖಾನೆಗೆ ನಾನು ಮತ್ತೆ ಹೋಗಿಲ್ಲ.